ಶಾಲೆಯ ಮೈದಾನದಿಂದ ಒಂದೇ ವಾರದಲ್ಲಿ: ಕೋಚ್ ಫಿಲಿಪ್ ರಿವರ್ಸ್ ಪ್ರಕರಣ

2025ರ ಡಿಸೆಂಬರ್ 7, ಭಾನುವಾರ. ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್ ಇದ್ದಕ್ಕಿದ್ದಂತೆ ಕುಸಿದು ಬಿದ್ದರು. ಒಂದು ಕಾಲಿನ ಮೂಳೆಯಲ್ಲಿ ಮೊದಲೇ ಬಿರುಕಿತ್ತು, ಅದರಲ್ಲೇ ಆಡುತ್ತಿದ್ದರು. ಈಗ ಇನ್ನೊಂದು ಕಾಲಿನಲ್ಲಿ ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ ಹರಿದಿತ್ತು. ಅಲ್ಲಿಗೆ ಅವರ ವರ್ಷ ಮುಗಿಯಿತು.

ತಂಡದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಆಂಟನಿ ರಿಚರ್ಡ್‌ಸನ್. ಅವರು ಅಕ್ಟೋಬರ್‌ನಲ್ಲೇ ಕಣ್ಣಿನ ಹತ್ತಿರ ಪೆಟ್ಟು ಮಾಡಿಕೊಂಡು ಹೊರಗೆ ಕೂತಿದ್ದರು. ಜೋನ್ಸ್ ಬದಲಿಗೆ ಒಳಗೆ ಬಂದವರು ರೈಲಿ ಲೆನರ್ಡ್. ಅದೇ ವರ್ಷ ಕಾಲೇಜು ಮುಗಿಸಿ ಬಂದ ಹುಡುಗ. ಅವರ ಮಂಡಿಗೂ ನೋವಾಯಿತು. ಸೀಸನ್‌ನ ಮೊದಲ ಹತ್ತು ಪಂದ್ಯಗಳಲ್ಲಿ ಎಂಟು ಗೆದ್ದಿದ್ದ ತಂಡ ಅದು. ಈಗ ಚೆಂಡು ಎಸೆಯಲು ಭರವಸೆಯಿಡಬಹುದಾದ ಒಬ್ಬ ಆಟಗಾರನೂ ಇಲ್ಲದಂತಾಗಿತ್ತು.

ಆಗ ಕೋಲ್ಟ್ಸ್‌ನವರು ಕರೆದಿದ್ದು ಅಲಬಾಮಾದ ಫೇರ್‌ಹೋಪ್ ಎಂಬ ಊರಿನ ಒಬ್ಬ ಹೈಸ್ಕೂಲ್ ಕೋಚ್‌ನ. ಹೆಸರು ಫಿಲಿಪ್ ರಿವರ್ಸ್. ವಯಸ್ಸು 44, ಹುಟ್ಟುಹಬ್ಬ ಆಗಿದ್ದು ಪಂದ್ಯದ ಮರುದಿನ. ಹತ್ತು ಮಕ್ಕಳ ತಂದೆ, ಒಂದು ಮೊಮ್ಮಗುವಿನ ಅಜ್ಜ. ಹಿಂದೆ 17 ವರ್ಷ ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಡಿದವರು. ಕೊನೆಯ ಪಂದ್ಯ ಆಡಿದ್ದು 2021ರ ಜನವರಿ 9ರಂದು. ಆಮೇಲೆ ಶಾಲೆಯ ಮಕ್ಕಳಿಗೆ ಆಟ ಕಲಿಸುತ್ತಿದ್ದರು.

ಒಂದು ವಾರದೊಳಗೆ, ಡಿಸೆಂಬರ್ 14ರಂದು, ಅವರು ಸಿಯಾಟಲ್‌ನಲ್ಲಿ ಆ ವರ್ಷದ ಅತಿ ಬಲವಾದ ತಂಡಗಳಲ್ಲಿ ಒಂದರ ಎದುರು ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಎರಡು ಪಂದ್ಯಗಳ ನಡುವಿನ ಅಂತರ ಸರಿಯಾಗಿ 1,800 ದಿನ.

ಈ ಸುದ್ದಿಯನ್ನು ಎಲ್ಲರೂ ಅಜ್ಜನ ಸಾಹಸ ಅಂತ ಬರೆದರು. ಸಾಹಸ ಹೌದು. ಆದರೆ ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ನಿವೃತ್ತರಾದ ಆಟಗಾರರು ಎಷ್ಟೋ ಜನ ಇದ್ದಾರೆ. ಟಿವಿಯಲ್ಲಿ ಕೂತು ಆಟದ ಬಗ್ಗೆ ಮಾತಾಡುವವರೂ ಇದ್ದಾರೆ. ಹಾಗಿದ್ದೂ ತಂಡದವರು ಶಾಲೆಯ ಕೋಚ್‌ ಹತ್ತಿರವೇ ಯಾಕೆ ಹೋದರು? ಅವರು ಕಲಿಸುತ್ತಿದ್ದರು, ಅದಕ್ಕೇ ಹೋದರು ಅನ್ನುವುದು ನನ್ನ ವಾದ. ಆ ಸುಮಾರು ಐದು ವರ್ಷ ಅವರು ಆಟ ಬಿಟ್ಟಿದ್ದರು ಅನ್ನುವುದೇ ತಪ್ಪು. ಆಡುವುದನ್ನು ಬಿಟ್ಟಿದ್ದರು, ಅಷ್ಟೇ.

ಅಪ್ಪನ ಮೈದಾನ

ರಿವರ್ಸ್ ಹುಟ್ಟಿದ್ದು 1981ರಲ್ಲಿ, ಅಲಬಾಮಾದ ಡೆಕೇಟರ್‌ನಲ್ಲಿ. ಅಪ್ಪ ಸ್ಟೀವ್ ರಿವರ್ಸ್ ಅಲ್ಲಿನ ಹೈಸ್ಕೂಲ್ ಫುಟ್‌ಬಾಲ್ ಕೋಚ್. ಹುಡುಗ ಬೆಳೆದದ್ದೇ ಅಪ್ಪನ ಮೈದಾನದಲ್ಲಿ. ಚಿಕ್ಕ ಮಗುವಿನ ಕೈಗೆ ಸಿಕ್ಕಿದ್ದು ದೊಡ್ಡವರ ಚೆಂಡು. ಅಷ್ಟು ದೊಡ್ಡ ಚೆಂಡನ್ನು ಪುಟ್ಟ ಕೈಯಲ್ಲಿ ಹಿಡಿದು ಎಸೆಯುವುದು ಕಷ್ಟ, ಅಲ್ವಾ? ಹಾಗಾಗಿ ಕೈಯನ್ನು ಪಕ್ಕಕ್ಕೆ ತಂದು, ಗುಂಡು ಎಸೆತದವರ ಹಾಗೆ ತಳ್ಳಿ ಎಸೆಯುವ ಅಭ್ಯಾಸ ಆಯಿತು. ಆ ವಿಚಿತ್ರ ಎಸೆತ ಕೊನೆಯವರೆಗೂ ಬದಲಾಗಲಿಲ್ಲ. ಮುಂದೆ ಅಪ್ಪ ಆಥೆನ್ಸ್ ಎಂಬ ಊರಿನ ಶಾಲೆಗೆ ಹೋದರು, ಮಗ ಅಲ್ಲಿ ಅಪ್ಪನ ಕೈಕೆಳಗೇ ಆಡಿದ. ಇದು ಗ್ರೀಸ್ ದೇಶದ ಆಥೆನ್ಸ್ ಅಲ್ಲ, ಅಲಬಾಮಾದ ಒಂದು ಸಣ್ಣ ಊರು.

ನಮ್ಮ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹೈಸ್ಕೂಲ್ ಫುಟ್‌ಬಾಲ್ ಅಂದರೆ ಸಣ್ಣ ವಿಷಯ ಅಲ್ಲ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಶುಕ್ರವಾರ ರಾತ್ರಿ ಅಂದರೆ ಶಾಲೆಯ ಪಂದ್ಯ. ಊರಿಗೆ ಊರೇ ಬಂದು ಕೂರುತ್ತದೆ. ಬ್ಯಾಂಡ್ ಬಾರಿಸುತ್ತಾರೆ, ಅಜ್ಜ ಅಜ್ಜಿಯರು ಮಡಚುವ ಕುರ್ಚಿ ಹಿಡಿದು ಬರುತ್ತಾರೆ. ಅಲ್ಲಿ ಕೋಚ್‌ಗೆ ಹೆಸರು ಹಿಡಿದು ಕರೆಯುವವರು ಕಡಿಮೆ. ಮಕ್ಕಳಿಗೂ, ಮಕ್ಕಳ ಅಪ್ಪಂದಿರಿಗೂ ಅವರು 'ಕೋಚ್'. ನಮ್ಮ ಕಡೆ ಪಿಟಿ ಮೇಷ್ಟ್ರು ಅಂದರೆ ಬೆಳಗಿನ ಡ್ರಿಲ್, ವರ್ಷಕ್ಕೊಂದು ಸ್ಪೋರ್ಟ್ಸ್ ಡೇ. ಪರೀಕ್ಷೆ ಹತ್ತಿರ ಬಂತು ಅಂದರೆ ಅವರ ಪೀರಿಯಡ್ ಗಣಿತದವರ ಪಾಲಾಗುತ್ತದೆ. ಇದು ನನಗೆ ಯಾವಾಗಲೂ ಬೇಜಾರು ತರುವ ವಿಷಯ. ಅಲ್ಲಿ ಆ ಜಾಗಕ್ಕಿರುವ ಮರ್ಯಾದೆ ಬೇರೆಯೇ.

ಹಾಗಾಗಿ 2020ರ ಮೇ ತಿಂಗಳಲ್ಲಿ ಫೇರ್‌ಹೋಪ್‌ನ ಸೇಂಟ್ ಮೈಕಲ್ ಕ್ಯಾಥೊಲಿಕ್ ಹೈಸ್ಕೂಲ್ 'ಮುಂದಿನ ಕೋಚ್ ಫಿಲಿಪ್ ರಿವರ್ಸ್' ಎಂದು ಹೇಳಿದಾಗ, ಅದು ಅವರಿಗೆ ಇಳಿಕೆ ಆಗಿರಲಿಲ್ಲ. ಚಿಕ್ಕಂದಿನಲ್ಲಿ ತನಗೆ ಎರಡು ಕನಸಿದ್ದವು ಎಂದು ಅವರು ಆಗ ಹೇಳಿದರು. ಒಂದು ಎನ್‌ಎಫ್‌ಎಲ್‌ನಲ್ಲಿ ಆಡುವುದು, ಇನ್ನೊಂದು ಅಪ್ಪನ ಹಾಗೆ ಹೈಸ್ಕೂಲ್ ಕೋಚ್ ಆಗುವುದು. ಗಮನಿಸಿ, ಆಗ ಅವರು ಇನ್ನೂ ಆಡುತ್ತಿದ್ದರು. ಕೋಲ್ಟ್ಸ್ ಜತೆ ಆಡುವ ಒಂದು ವರ್ಷ ಬಾಕಿ ಇತ್ತು. ಆಟ ಕೈಬಿಟ್ಟ ಮೇಲೆ ಸಿಕ್ಕಿದ್ದನ್ನು ಹಿಡಿದುಕೊಂಡ ಕೆಲಸ ಅಲ್ಲ ಇದು. ಮೊದಲೇ ಜಾಗ ಕಾದಿರಿಸಿಕೊಂಡಿದ್ದರು.

ಆ ಶಾಲೆ ಶುರುವಾಗಿದ್ದೇ 2016ರಲ್ಲಿ. ದೊಡ್ಡ ಹೆಸರಿನ ಶಾಲೆ ಅಲ್ಲ, ಗೋಡೆ ತುಂಬ ಟ್ರೋಫಿಗಳಿಲ್ಲ. ಮೊಬೀಲ್ ಕೊಲ್ಲಿಯ ಪೂರ್ವದ ದಂಡೆಯಲ್ಲಿರುವ ಊರು. 2021ರ ಜನವರಿಯಲ್ಲಿ ನಿವೃತ್ತಿ ಹೇಳಿ, ಆ ವರ್ಷದಿಂದಲೇ ಅವರು ಅಲ್ಲಿ ಕೆಲಸ ಹಿಡಿದರು.

ಕಾಲಲ್ಲಿ ಓಟವಿಲ್ಲದ ಆಟಗಾರ

ಈಗ ಅವರು ಎಂಥ ಆಟಗಾರ ಅನ್ನುವುದನ್ನು ನೋಡಬೇಕು. ಈ ಪ್ರಕರಣದ ಕೀಲಿ ಇರುವುದು ಅಲ್ಲೇ.

ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2004ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಅವರನ್ನು ನ್ಯೂಯಾರ್ಕ್ ಜೈಂಟ್ಸ್ ಆರಿಸಿತು. ಅದೇ ದಿನ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಈಲೈ ಮ್ಯಾನಿಂಗ್ ಬದಲಿಗೆ ಸ್ಯಾನ್ ಡಿಯಾಗೊ ಚಾರ್ಜರ್ಸ್‌ಗೆ ಕೊಟ್ಟಿತು. ಎರಡು ವರ್ಷ ಡ್ರೂ ಬ್ರೀಸ್ ಹಿಂದೆ ಬೆಂಚಿನ ಮೇಲೆ ಕೂತರು. 2006ರಲ್ಲಿ ಜಾಗ ಸಿಕ್ಕಿತು. ಅಲ್ಲಿಂದ 2020ರ ಕೊನೆಯವರೆಗೆ ಲೀಗ್‌ನ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಸತತ 240 ಪಂದ್ಯ. ಎಸೆದು ಗಳಿಸಿದ್ದು 63,440 ಗಜ, 421 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು). 2008ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ತಂಡದ ಎದುರು, ಮಂಡಿಯೊಳಗಿನ ಎಸಿಎಲ್ ಎಂಬ ತಂತು ಹರಿದಿದ್ದರೂ ಆಡಿದರು. ಅದೇ ವಾರ ಮಂಡಿಗೆ ಸಣ್ಣ ಆಪರೇಷನ್ ಬೇರೆ ಆಗಿತ್ತು. 21-12ರಿಂದ ಸೋತರು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಒಮ್ಮೆಯೂ ಹೋಗಲಿಲ್ಲ.

ಇಷ್ಟೆಲ್ಲ ಮಾಡಿದವರು ವೇಗದ ಓಟಗಾರ ಅಲ್ಲ. ಆ ವಿಷಯದಲ್ಲಿ ಅವರಿಗಿಂತ ನಿಧಾನದವರು ಸಿಗುವುದು ಕಷ್ಟ. ಎಸೆತ ನೋಡಲು ಚೆಂದವಿಲ್ಲ. ಹಾಗಾದರೆ ಅವರು ಬದುಕಿದ್ದು ಯಾವುದರ ಮೇಲೆ? ಓದಿನ ಮೇಲೆ. ಎದುರು ತಂಡ ಹೇಗೆ ನಿಂತಿದೆ, ಯಾರು ನುಗ್ಗುತ್ತಾರೆ, ಯಾರು ಸುಮ್ನೆ ನುಗ್ಗುವ ನಾಟಕ ಆಡುತ್ತಿದ್ದಾರೆ, ಯಾವ ಮೂಲೆ ಖಾಲಿಯಾಗುತ್ತದೆ. ಇದನ್ನೆಲ್ಲ ಚೆಂಡು ಕೈಗೆ ಬರುವ ಮೊದಲೇ ಅವರು ಓದಿಕೊಳ್ಳುತ್ತಿದ್ದರು. ಕಾಲು ಮಾಡದ ಕೆಲಸವನ್ನು ಕಣ್ಣು ಮಾಡುತ್ತಿತ್ತು.

2017ರಲ್ಲಿ ಚಾರ್ಜರ್ಸ್ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು. ಮಕ್ಕಳ ಶಾಲೆ, ಮನೆ ಎಲ್ಲ ಸ್ಯಾನ್ ಡಿಯಾಗೊದಲ್ಲೇ ಇತ್ತು. ಊರು ಬದಲಿಸಲು ಅವರಿಗೆ ಮನಸ್ಸಿರಲಿಲ್ಲ. ದಿನವೂ ಒಂದು ಗಂಟೆಗೂ ಜಾಸ್ತಿ ಹೊತ್ತು ಹೋಗಬೇಕು, ಅಷ್ಟೇ ಹೊತ್ತು ಬರಬೇಕು. ಅದಕ್ಕೆ ಒಂದು ದೊಡ್ಡ ಕಾರಿನ ಹಿಂಭಾಗಕ್ಕೆ ವಿಡಿಯೊ ಪರದೆ ಹಾಕಿಸಿಕೊಂಡರು. ಬೇರೆಯವರು ಓಡಿಸುತ್ತಿದ್ದರು. ಇವರು ಹಿಂದೆ ಕೂತು ಪಂದ್ಯಗಳ ವಿಡಿಯೊ ನೋಡುತ್ತಾ ಹೋಗುತ್ತಿದ್ದರು. ಸಂಜೆ ಮಕ್ಕಳು ಊಟಕ್ಕೆ ಕೂರುವ ಹೊತ್ತಿಗೆ ಮನೆ ಸೇರುತ್ತಿದ್ದರು. ಓದನ್ನೂ ಬಿಡಲಿಲ್ಲ, ಮನೆಯನ್ನೂ ಬಿಡಲಿಲ್ಲ. ಮುಂದೆ ಶಾಲೆಗೆ ಹೋದಾಗ ಮಾಡಿದ್ದೂ ಇದನ್ನೇ ಅಂತ ನನಗೆ ಅನಿಸುತ್ತದೆ.

ಒಂದು ವಾಕ್ಯ, ನಲವತ್ತು ಸೆಕೆಂಡ್

ಕ್ವಾರ್ಟರ್‌ಬ್ಯಾಕ್ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಿಲ್ಲದಿದ್ದರೆ ಒಂದು ವಾರದಲ್ಲಿ ಆಡಿದ್ದರ ತೂಕ ತಿಳಿಯುವುದಿಲ್ಲ.

ಅಮೆರಿಕದ ಫುಟ್‌ಬಾಲ್‌ನಲ್ಲಿ ಆಟ ತುಂಡು ತುಂಡಾಗಿ ನಡೆಯುತ್ತದೆ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಒಂದು ಪ್ರಯತ್ನ ಮುಗಿದು ಇನ್ನೊಂದು ಶುರುವಾಗಲು ಸಾಮಾನ್ಯವಾಗಿ ಇರುವುದು 40 ಸೆಕೆಂಡ್. ಅಷ್ಟರಲ್ಲಿ ಕೋಚ್ ಮುಂದಿನ ಆಟ ಯಾವುದು ಎಂದು ರೇಡಿಯೊದಲ್ಲಿ ಹೇಳುತ್ತಾರೆ. ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಒಳಗೆ ಸಣ್ಣ ಸ್ಪೀಕರ್ ಇರುತ್ತದೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೊ ತಾನಾಗಿ ಬಂದ್ ಆಗುತ್ತದೆ. ಆಮೇಲೆ ಅವನು ಒಂಟಿ.

ಕಿವಿಗೆ ಬೀಳುವುದು ಒಂದು ಉದ್ದದ ವಾಕ್ಯ. ಯಾರು ಎಲ್ಲಿ ನಿಲ್ಲಬೇಕು, ಯಾರು ಎತ್ತ ಸರಿಯಬೇಕು, ಮುಂದಿನ ಐವರು ಯಾವ ರೀತಿ ತಡೆಯಬೇಕು, ಓಡುವವರು ಎಷ್ಟು ಗಜ ಓಡಿ ಎಲ್ಲಿ ತಿರುಗಬೇಕು. ಎಲ್ಲವೂ ಅದರೊಳಗೆ ಇರುತ್ತದೆ. ಪ್ರತಿ ತಂಡಕ್ಕೂ ಅದರದೇ ಪದಗಳು. ಒಂದು ತಂಡದಲ್ಲಿ ಬಣ್ಣದ ಹೆಸರಿಗೆ ಒಂದು ಅರ್ಥ ಇದ್ದರೆ ಇನ್ನೊಂದರಲ್ಲಿ ಬೇರೆ ಅರ್ಥ. ಕ್ವಾರ್ಟರ್‌ಬ್ಯಾಕ್ ಅದನ್ನು ಕೇಳಿ, ಉಳಿದ ಹತ್ತು ಜನಕ್ಕೆ ತಪ್ಪಿಲ್ಲದೆ ಹೇಳಿ, ಅವರನ್ನು ಸಾಲಿಗೆ ನಿಲ್ಲಿಸಿ, ಎದುರಿನವರನ್ನು ನೋಡಿ, ಬೇಕಾದರೆ ಅಲ್ಲೇ ಎಲ್ಲವನ್ನೂ ಬದಲಿಸಬೇಕು. ಒಂದು ಹೊಸ ಭಾಷೆ ಕಲಿತ ಹಾಗೆ ಇದು. ಪದ ಕಲಿತರೆ ಸಾಲದು, ಗದ್ದಲದ ನಡುವೆ ಆ ಭಾಷೆಯಲ್ಲಿ ಯೋಚಿಸಲು ಬರಬೇಕು. ಹೊಸ ತಂಡಕ್ಕೆ ಬಂದ ಅನುಭವಿಗಳಿಗೂ ಇದಕ್ಕೆ ತಿಂಗಳುಗಳೇ ಬೇಕು.

ರಿವರ್ಸ್‌ಗೆ ಬೇಕಾಗಲಿಲ್ಲ. ಕಾರಣ ಇಷ್ಟು. ಕೋಲ್ಟ್ಸ್ ಕೋಚ್ ಶೇನ್ ಸ್ಟೈಕನ್ ಹಿಂದೆ ಚಾರ್ಜರ್ಸ್‌ನಲ್ಲಿ ವರ್ಷಗಟ್ಟಲೆ ಅವರ ಜತೆ ಕೆಲಸ ಮಾಡಿದವರು. ಕೆಲವು ವರ್ಷ ಅವರ ನೇರ ಕೋಚ್ ಆಗಿದ್ದವರು. 2023ರಲ್ಲಿ ಕೋಲ್ಟ್ಸ್‌ಗೆ ಬಂದಾಗ ಅದೇ ಆಟದ ಬೇರುಗಳನ್ನು ತಂದರು. ಇತ್ತ ರಿವರ್ಸ್ ಅದೇ ಆಟವನ್ನು ಫೇರ್‌ಹೋಪ್‌ನ ಶಾಲೆಗೆ ಒಯ್ದಿದ್ದರು. ಹದಿನಾರು, ಹದಿನೇಳು ವರ್ಷದ ಹುಡುಗರು ಎನ್‌ಎಫ್‌ಎಲ್‌ನ ಪದಗಳಲ್ಲಿ ಆಡುತ್ತಿದ್ದರು. ಕೋಚ್‌ಗಳಿಬ್ಬರೂ ಮಾತುಕತೆ ಬಿಟ್ಟಿರಲಿಲ್ಲ. ಅಂದರೆ 2025ರ ಡಿಸೆಂಬರ್‌ನಲ್ಲಿ ಅವರು ಹಳೆಯದನ್ನು ನೆನಪು ಮಾಡಿಕೊಳ್ಳಬೇಕಿರಲಿಲ್ಲ. ಕೆಲವೇ ವಾರಗಳ ಹಿಂದೆ ಅದೇ ಭಾಷೆಯಲ್ಲಿ ಮಕ್ಕಳಿಗೆ ಆಟ ಹೇಳಿ ಬಂದಿದ್ದರು.

ಇಲ್ಲಿ ಕಲಿಸುವುದರ ಬಗ್ಗೆ ಒಂದು ಮಾತು. ಆಡುವವನಿಗೆ ಗೊತ್ತಿದ್ದರೆ ಸಾಕು, ಕಲಿಸುವವನಿಗೆ ಹೇಳಲು ಬರಬೇಕು. ಮೂರು ಸೆಕೆಂಡ್‌ನಲ್ಲಿ ಕಣ್ಣು ಹೇಗೆ ಎಡದಿಂದ ಬಲಕ್ಕೆ ಹೋಗಬೇಕು ಎಂದು ಹದಿನೈದರ ಹುಡುಗನಿಗೆ ಹೇಳಿ ನೋಡಿ. ಅವನು 'ಯಾಕೆ' ಅನ್ನುತ್ತಾನೆ. ಆ 'ಯಾಕೆ'ಗೆ ಉತ್ತರ ಹುಡುಕುವಾಗ, ಮೈಗೆ ಮಾತ್ರ ಗೊತ್ತಿದ್ದದ್ದು ಮಾತಿಗೆ ಬರುತ್ತದೆ. ದೊಡ್ಡ ಆಟಗಾರರು ಎಷ್ಟೋ ಜನ ಕೋಚ್ ಆಗಿ ಸೋಲುವುದು ಇಲ್ಲೇ. ಹುಟ್ಟಿನಿಂದ ಬಂದ ವೇಗವನ್ನು, ಕಸುವನ್ನು ಮಾತಲ್ಲಿ ಹೇಳಲು ಆಗುವುದಿಲ್ಲ. ರಿವರ್ಸ್ ಹತ್ತಿರ ಅಂಥದ್ದು ಜಾಸ್ತಿ ಇರಲಿಲ್ಲ. ಇದ್ದದ್ದೆಲ್ಲ ಕಲಿತದ್ದು. ಕಲಿತದ್ದನ್ನು ಕಲಿಸಬಹುದು. ಕಲಿಸಿದಷ್ಟೂ ಅದು ಚೂಪಾಗಿಯೇ ಇರುತ್ತದೆ.

ಮೇಲಾಗಿ ಅವರು ಮೊದಲಿಂದಲೂ ಮಾತುಗಾರ. ಮೈದಾನದಲ್ಲಿ ಎದುರಾಳಿಗಳ ಜತೆ ಇಡೀ ದಿನ ವಾದ ಮಾಡುತ್ತಿದ್ದರು, ಆದರೆ ಬಾಯಲ್ಲಿ ಒಂದು ಕೆಟ್ಟ ಮಾತು ಬರುತ್ತಿರಲಿಲ್ಲ. ಬೈಯದೆ ಬಿಸಿಯಾಗಿ ಮಾತಾಡಬಲ್ಲವರು ಮಕ್ಕಳ ನಡುವೆ ಇದ್ದರೆ ಅದು ಆ ಮಕ್ಕಳ ಅದೃಷ್ಟ.

ಸಿಯಾಟಲ್

ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಜಾವ. ಸಿಯಾಟಲ್‌ನ ಆ ಮೈದಾನದ ಗದ್ದಲ ಹೆಸರುವಾಸಿ. ಎದುರಿಗಿದ್ದ ಸೀಹಾಕ್ಸ್ ತಂಡದ ರಕ್ಷಣೆ ಆ ವರ್ಷದ ಅತ್ಯುತ್ತಮ ರಕ್ಷಣೆಗಳಲ್ಲಿ ಒಂದು. ಕೋಲ್ಟ್ಸ್ ದೊಡ್ಡ ಅಂತರದಲ್ಲಿ ಸೋಲುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು.

ರಿವರ್ಸ್ 27 ಬಾರಿ ಎಸೆದರು, 18 ಕೈ ಸೇರಿದವು. ಗಳಿಸಿದ್ದು 120 ಗಜ. ಅಂದರೆ ಒಂದು ಎಸೆತಕ್ಕೆ ನಾಲ್ಕೂವರೆ ಗಜವೂ ಇಲ್ಲ. ಈ ಒಂದು ಅಂಕಿಯಲ್ಲಿ ಎಲ್ಲ ಇದೆ. ದೂರಕ್ಕೆ ಎಸೆಯುವ ಬಲ ಕೈಯಲ್ಲಿ ಉಳಿದಿರಲಿಲ್ಲ. ಆದರೆ ಚೆಂಡನ್ನು ಬೇಗ ಬಿಡಬೇಕು, ಹತ್ತಿರದವನಿಗೆ ಕೊಡಬೇಕು, ಪೆಟ್ಟು ತಿನ್ನುವ ಮೊದಲೇ ಕೈ ಖಾಲಿ ಮಾಡಬೇಕು ಅನ್ನುವ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಜಾಶ್ ಡೌನ್ಸ್‌ಗೆ ಎಸೆದು ಒಂದು ಟಚ್‌ಡೌನ್ ಮಾಡಿದರು. ಆಟ ನಿಧಾನ, ಅಂಕ ಕಡಿಮೆ. ಆದರೆ ತಂಡ ಆಟದಲ್ಲಿ ಉಳಿಯಿತು.

ಕೊನೆಯ ನಿಮಿಷ ಬಂದಾಗ ಕೋಲ್ಟ್ಸ್ 13-15ರಲ್ಲಿತ್ತು. 60 ಗಜ ದೂರದಿಂದ ಅವರ ಕಿಕ್ಕರ್ ಬ್ಲೇಕ್ ಗ್ರೂಪ್ ಚೆಂಡನ್ನು ಕಂಬಗಳ ನಡುವೆ ಒದ್ದರು. 16-15. ಉಳಿದಿದ್ದು 47 ಸೆಕೆಂಡ್. ಆ 47 ಸೆಕೆಂಡ್‌ನಲ್ಲಿ ಸಿಯಾಟಲ್‌ನವರು ಮುಂದೆ ಬಂದು, ಜೇಸನ್ ಮೈಯರ್ಸ್ 56 ಗಜದಿಂದ ಒದ್ದು ಗೆದ್ದುಬಿಟ್ಟರು. 18-16. ಅವರ ಹದಿನೆಂಟು ಅಂಕವೂ ಮೈಯರ್ಸ್ ಒಬ್ಬರ ಕಾಲಿನಿಂದ ಬಂದದ್ದು, ಹೀಗೆ ಕಂಬಗಳ ನಡುವೆ ಒದ್ದು ಗಳಿಸುವ, ತಲಾ ಮೂರು ಅಂಕದ ಆರು ಫೀಲ್ಡ್ ಗೋಲ್. ಕೊನೆಗೆ ರಿವರ್ಸ್ ಎಸೆದ ಚೆಂಡು ಎದುರಾಳಿಯ ಕೈ ಸೇರಿತು.

ಪಂದ್ಯ ಮುಗಿದ ಮೇಲೆ ಮಾತಾಡುವಾಗ ಅವರ ಕಣ್ಣು ತುಂಬಿ ಬಂತು. ತನ್ನ ಗಂಡುಮಕ್ಕಳ ಬಗ್ಗೆ, ಶಾಲೆಯಲ್ಲಿ ತಾನು ಕಲಿಸುವ ಹುಡುಗರ ಬಗ್ಗೆ ಹೇಳಿದರು. ಏನಾಗುತ್ತದೋ ಎಂದು ಹೆದರಿ ಹಿಂದೆ ಸರಿಯಬಾರದು ಅನ್ನುವುದು ಅವರಿಗೆ ಇದರಿಂದ ತಿಳಿದರೆ ಸಾಕು ಎಂಬ ಅರ್ಥದ ಮಾತು. ನನಗೆ ಮುಖ್ಯ ಅನಿಸಿದ್ದು ಇದು. ಪ್ರಪಂಚ ನೋಡುತ್ತಿದ್ದ ಹೊತ್ತಲ್ಲಿ ಅವರ ತಲೆಯಲ್ಲಿ ಇದ್ದದ್ದು ಫೇರ್‌ಹೋಪ್‌ನ ಹುಡುಗರು. ಕೋಚ್ ದಿನಾ ಹೇಳುವ ಮಾತನ್ನು ತಾನೇ ಮಾಡಿ ತೋರಿಸುವ ಅವಕಾಶ ಎಷ್ಟು ಮೇಷ್ಟ್ರಿಗೆ ಸಿಗುತ್ತದೆ? ಅದೂ ಸೋಲುವ ಸಾಧ್ಯತೆ ಜಾಸ್ತಿ ಇರುವ ಜಾಗದಲ್ಲಿ.

ಡಿಸೆಂಬರ್ 22ರ ಸೋಮವಾರ ಸ್ಯಾನ್ ಫ್ರಾನ್ಸಿಸ್ಕೊ ಎದುರು ಇನ್ನೂ ಚೆನ್ನಾಗಿ ಎಸೆದರು. 277 ಗಜ, ಎರಡು ಟಚ್‌ಡೌನ್. ಆದರೆ ತಂಡ 48-27ರಿಂದ ಸೋತಿತು. ಡಿಸೆಂಬರ್ 28ರಂದು ಜಾಕ್ಸನ್‌ವಿಲ್ ಎದುರು 23-17ರಿಂದ ಸೋಲು. ಮೂರಕ್ಕೆ ಮೂರೂ ಸೋಲು. ಕೋಲ್ಟ್ಸ್ ಪ್ಲೇಆಫ್ ಸೇರಲಿಲ್ಲ.

ಈ ಮೂರು ಸೋಲನ್ನು ಮುಚ್ಚಿಡಬಾರದು. ಕಲಿಸುವುದರಿಂದ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ ಅನ್ನುವುದಕ್ಕೆ ಇವು ನೇರ ಸಾಕ್ಷಿ. ಓದು ಉಳಿದಿತ್ತು, ಭಾಷೆ ಉಳಿದಿತ್ತು, ಗದ್ದಲದಲ್ಲಿ ತಲೆ ತಣ್ಣಗೆ ಇಟ್ಟುಕೊಳ್ಳುವುದು ಉಳಿದಿತ್ತು. ಭುಜದ ಬಲ ಉಳಿದಿರಲಿಲ್ಲ. ಶಾಲೆಯ ಮೈದಾನ 44 ವರ್ಷದ ಮೈಯನ್ನು 34ಕ್ಕೆ ಇಳಿಸುವುದಿಲ್ಲ.

ಕೊಟ್ಟ ಬೆಲೆ

ಅವರು ಇದಕ್ಕೆ ಒಂದು ಬೆಲೆ ಕೊಟ್ಟರು. ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆದ ಮೇಲೆಯೇ ಈ ಆಟದ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಬರುವುದು. ರಿವರ್ಸ್ ಹೆಸರು ಮೊದಲ ಬಾರಿಗೆ 2026ರ ಪಟ್ಟಿಗೆ ಬಂದು, ಸೆಮಿಫೈನಲ್ ಹಂತದ 26 ಜನರಲ್ಲಿ ಒಬ್ಬರಾಗಿದ್ದರು. ಮತ್ತೆ ಆಡಿದ್ದರಿಂದ ಆ ಐದು ವರ್ಷದ ಲೆಕ್ಕ ಮೊದಲಿಂದ ಶುರುವಾಯಿತು. ಕೆಲವೇ ಪಂದ್ಯಕ್ಕಾಗಿ ಐದು ವರ್ಷ ಕಾಯುವುದು. ಅದರ ಬಗ್ಗೆ ಅವರು ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಅವರು ತುಂಬಾ ವರ್ಷಗಳಿಂದ ಟೋಪಿಯ ಮೇಲೆ ಹಾಕಿಕೊಂಡು ಬಂದ ಲ್ಯಾಟಿನ್ ಮಾತೊಂದಿದೆ, 'ನುಂಕ್ ಚೇಪಿ'. ಈಗ ಶುರು ಮಾಡುತ್ತೇನೆ ಅಂತ ಅರ್ಥ.

ಶಾಲೆಗೆ ನಷ್ಟ ಆಯಿತಾ? ಇದನ್ನೂ ಕೇಳಬೇಕು. ಕೋಚ್ ಎದ್ದು ಹೋದರೆ ಮಕ್ಕಳ ಗತಿ ಏನು? ಆದರೆ ಸೇಂಟ್ ಮೈಕಲ್‌ನ ಸೀಸನ್ ಅಷ್ಟರಲ್ಲಿ ಮುಗಿದಿತ್ತು. ಆ ವರ್ಷ ತಂಡ ರಾಜ್ಯದ ಸೆಮಿಫೈನಲ್‌ವರೆಗೆ ಹೋಗಿ ಸೋತಿತ್ತು. ತಂಡದ ಕ್ವಾರ್ಟರ್‌ಬ್ಯಾಕ್ ಅವರ ಮಗನೇ. ಅಜ್ಜ ಅಪ್ಪನಿಗೆ ಕಲಿಸಿದ, ಅಪ್ಪ ಮಗನಿಗೆ ಕಲಿಸುತ್ತಿದ್ದಾನೆ. ಕೋಚ್‌ನ ಮಗ ಅದೇ ತಂಡದಲ್ಲಿ ಮುಖ್ಯ ಜಾಗದಲ್ಲಿ ಆಡುವುದು ಸುಲಭದ ವಿಷಯ ಅಲ್ಲ. ಗೆದ್ದರೆ ಅಪ್ಪನಿಂದ, ಸೋತರೂ ಅಪ್ಪನಿಂದ ಅನ್ನುವ ಮಾತು ಎಲ್ಲ ಊರಲ್ಲೂ ಇರುತ್ತದೆ. ಅದರ ಕಷ್ಟ ರಿವರ್ಸ್‌ಗೆ ಚೆನ್ನಾಗಿಯೇ ಗೊತ್ತಿರಬೇಕು. ಆಥೆನ್ಸ್‌ನಲ್ಲಿ ಆ ಜಾಗದಲ್ಲಿ ನಿಂತಿದ್ದವರು ಅವರೇ ಅಲ್ವಾ.

ಇನ್ನಿಬ್ಬರ ಕಥೆ

ಇದೇ ದಾರಿ ಹಿಡಿದ ಇನ್ನಿಬ್ಬರನ್ನು ಪಕ್ಕದಲ್ಲಿಟ್ಟು ನೋಡಿದರೆ ರಿವರ್ಸ್ ಪ್ರಕರಣ ಇನ್ನೂ ಸ್ಪಷ್ಟವಾಗುತ್ತದೆ.

ಒಬ್ಬರು ಜಾನ್ ಕಿಟ್ನಾ. ಹಲವು ತಂಡಗಳಲ್ಲಿ ಆಡಿದ ಕ್ವಾರ್ಟರ್‌ಬ್ಯಾಕ್. ನಿವೃತ್ತಿಯಾದ ಮೇಲೆ 2012ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ತಾವೇ ಓದಿದ ಲಿಂಕನ್ ಹೈಸ್ಕೂಲ್‌ಗೆ ವಾಪಸ್ ಹೋದರು. ಬರೀ ಕೋಚ್ ಆಗಿ ಅಲ್ಲ, ಗಣಿತದ ಮೇಷ್ಟ್ರಾಗಿ. ಹಗಲು ಬೀಜಗಣಿತ, ಸಂಜೆ ಫುಟ್‌ಬಾಲ್. 2013ರ ಡಿಸೆಂಬರ್‌ನಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಟೋನಿ ರೋಮೊ ಬೆನ್ನು ನೋವಿನಿಂದ ಮಲಗಿದಾಗ, ತಂಡ 41 ವರ್ಷದ ಈ ಮೇಷ್ಟ್ರನ್ನು ಕೊನೆಯ ಪಂದ್ಯಕ್ಕೆ ಕರೆಯಿತು. ಚಳಿಗಾಲದ ರಜೆ ಇತ್ತು, ಹೋದರು. ಮೈದಾನಕ್ಕೆ ಇಳಿಯುವ ಸಂದರ್ಭ ಬರಲಿಲ್ಲ. ಆ ಒಂದು ವಾರಕ್ಕೆ ಸಿಕ್ಕ 50 ಸಾವಿರ ಡಾಲರ್‌ಗೂ ಜಾಸ್ತಿ ಹಣವನ್ನು ತಮ್ಮ ಶಾಲೆಗೇ ಕೊಟ್ಟರು. ಶಾಲೆಯ ಮಕ್ಕಳಲ್ಲಿ ಬಡವರು ತುಂಬಾ ಜನ. ಈ ಕಥೆ ಓದಿದಾಗೆಲ್ಲ ನನಗೆ ಖುಷಿಯಾಗುತ್ತದೆ. ರಿವರ್ಸ್‌ಗಿಂತ 12 ವರ್ಷ ಮೊದಲೇ ನಡೆದದ್ದು ಇದು.

ಇನ್ನೊಬ್ಬರು ಟ್ರೆಂಟ್ ಡಿಲ್ಫರ್, ಬಾಲ್ಟಿಮೋರ್ ರೇವನ್ಸ್ ಜತೆ ಸೂಪರ್ ಬೌಲ್ ಗೆದ್ದವರು. 2019ರಲ್ಲಿ ನ್ಯಾಶ್‌ವಿಲ್‌ನ ಲಿಪ್ಸ್‌ಕಂಬ್ ಅಕಾಡೆಮಿಯ ಕೋಚ್ ಆದರು. 2021, 2022 ಎರಡೂ ವರ್ಷ ರಾಜ್ಯದ ಚಾಂಪಿಯನ್ ಪಟ್ಟ ತಂದರು. ಅಲ್ಲಿಂದ ಅಲಬಾಮಾದ ಯುಎಬಿ ವಿಶ್ವವಿದ್ಯಾಲಯದ ಕೋಚ್ ಆಗಿ ಹೋದರು. ಅಲ್ಲಿ ಸೋಲುಗಳೇ ಜಾಸ್ತಿ, 2025ರ ಅಕ್ಟೋಬರ್‌ನಲ್ಲಿ ಕೆಲಸ ಹೋಯಿತು. ದೊಡ್ಡ ಕೆಲಸ ಬಯಸಿದ್ದು ತಪ್ಪಲ್ಲ. ಆದರೆ ಹೈಸ್ಕೂಲ್‌ನಲ್ಲಿ ಚೆನ್ನಾಗಿ ಕಲಿಸಿದವರು ಕಾಲೇಜಿನಲ್ಲೂ ಗೆಲ್ಲುತ್ತಾರೆ ಅನ್ನುವ ಹಾಗಿಲ್ಲ. ಅಲ್ಲಿ ಆಟಗಾರರನ್ನು ಒಲಿಸಿ ಕರೆತರುವುದೇ ಅರ್ಧ ಕೆಲಸ. ಶಾಲೆಯಲ್ಲಿ ಊರಿನ ಮಕ್ಕಳು ಬರುತ್ತಾರೆ, ಬಂದವರಿಗೆ ಕಲಿಸಬೇಕು. ಎರಡೂ ಬೇರೆ ಬೇರೆ ಕೆಲಸ.

ಕಿಟ್ನಾಗೂ ರಿವರ್ಸ್‌ಗೂ ಶಾಲೆಯೇ ಗುರಿಯಾಗಿತ್ತು. ಕರೆ ಬಂದಾಗ ಹೋದರು, ಕೆಲಸ ಮುಗಿದ ಮೇಲೆ ಬಂದರು. ಎನ್‌ಎಫ್‌ಎಲ್ ತಂಡಗಳಿಗೆ ಇವರಿಬ್ಬರಲ್ಲಿ ಕಂಡದ್ದು ಒಂದೇ ಗುಣ ಅಂತ ನನ್ನ ನಂಬಿಕೆ. ಇವರು ಪ್ರತಿ ಸಂಜೆ ಯಾರೋ ಒಬ್ಬ ಹುಡುಗನ ಪಕ್ಕ ನಿಂತು, ಕಾಲು ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಎಂದು ಹೇಳುತ್ತಿದ್ದರು. ಅಂಥವರಿಗೆ ಆಟ ಮರೆಯುವುದಿಲ್ಲ.

ಫೇರ್‌ಹೋಪ್ ಹುಡುಗ

ಜಾಕ್ಸನ್‌ವಿಲ್‌ನಲ್ಲಿ ಮಂಡಿ ನೋವು ಮಾಡಿಕೊಂಡ ಆ ಹೊಸ ಹುಡುಗ ರೈಲಿ ಲೆನರ್ಡ್ ನೆನಪಿದ್ದಾರಲ್ಲ? ಅವರೂ ಫೇರ್‌ಹೋಪ್ ಊರಿನವರೇ. ಓದಿದ್ದು ರಿವರ್ಸ್ ಕಲಿಸುವ ಶಾಲೆಯಲ್ಲಿ ಅಲ್ಲ, ಅದೇ ಊರಿನ ಫೇರ್‌ಹೋಪ್ ಹೈಸ್ಕೂಲ್‌ನಲ್ಲಿ. ಒಂದು ಸಣ್ಣ ಊರಿನ ಇಬ್ಬರು ಒಂದೇ ಎನ್‌ಎಫ್‌ಎಲ್ ತಂಡದಲ್ಲಿ ಒಂದೇ ಜಾಗಕ್ಕೆ ಬಂದು ನಿಂತಿದ್ದರು. ಒಬ್ಬರು ಕ್ವಾರ್ಟರ್‌ಬ್ಯಾಕ್ ಆಗಿ ಮೊದಲ ವರ್ಷದಲ್ಲಿದ್ದವರು, ಇನ್ನೊಬ್ಬರು ಆ ಕೆಲಸ ಮುಗಿಸಿ ಮೇಷ್ಟ್ರಾದವರು.

ಪ್ಲೇಆಫ್ ಆಸೆ ಹೋದ ಮೇಲೆ ಹಳಬರನ್ನು ಆಡಿಸಲು ಕಾರಣ ಉಳಿದಿರಲಿಲ್ಲ. 2026ರ ಜನವರಿ 4ರಂದು ಹೂಸ್ಟನ್‌ನಲ್ಲಿ ವರ್ಷದ ಕೊನೆಯ ಪಂದ್ಯ ನಡೆಯಿತು. ಕೋಲ್ಟ್ಸ್ ಪರವಾಗಿ ಮೊದಲಿಂದ ಆಡಲು ಇಳಿದವರು ಲೆನರ್ಡ್. 38-30ರಲ್ಲಿ ಸೋತರೂ ಹುಡುಗ ಚೆನ್ನಾಗಿ ಎಸೆದರು. ಫೇರ್‌ಹೋಪ್‌ನ ಕೋಚ್ ಆ ದಿನ ಆಡಲಿಲ್ಲ.